ಹಿಮ್ಮಡಿ ನೋವಿಗೆ ಒಗ್ಗುವ, ಸೀರೆಗೂ ಒಪ್ಪುವ ಶೂ ಯಾವುದು?

ಪ್ರಶ್ನೆ: ಮೈಸೂರಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವ ಅಭ್ಯಾಸವಿದೆ. ಆಮೇಲೆ ಕಾಲೇಜಿನಲ್ಲಿ ನಿಂತೇ ತರಗತಿ ತೆಗೆದುಕೊಳ್ಳುವುದು, ಎರಡು ಕಟ್ಟಡಗಳ ನಡುವೆ ಓಡಾಡುವುದು, ಮೆಟ್ಟಿಲು ಹತ್ತಿ ಇಳಿಯುವುದು ಇದ್ದೇ ಇರುತ್ತದೆ. ಕೆಲವು ತಿಂಗಳುಗಳಿಂದ ಬಲಗಾಲಿನ ಹಿಮ್ಮಡಿಯಲ್ಲಿ ನೋವು ಶುರುವಾಗಿದೆ. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಜೋರಾಗಿ ಚುಚ್ಚುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ತಗ್ಗುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ಮರಳುತ್ತದೆ. ವೈದ್ಯರು ಪ್ಲಾಂಟರ್ ಫೇಶಿಯೈಟಿಸ್ ಎಂದು ಹೇಳಿದ್ದಾರೆ. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆ ಸ್ವಲ್ಪ ಬೆಳೆದಿರುವುದೂ ಕಾಣಿಸಿದೆ. ಸಕ್ಕರೆ ಕಾಯಿಲೆ ಇಲ್ಲ. "ಒಳ್ಳೆಯ ಶೂ ಹಾಕಿಕೊಳ್ಳಿ" ಎಂದು ಹೇಳಿ ಕಳುಹಿಸಿದರು, ಆದರೆ ಒಳ್ಳೆಯ ಶೂ ಎಂದರೆ ಯಾವುದು ಎಂಬುದು ಅಂಗಡಿಗೆ ಹೋದ ಮೇಲೂ ತಿಳಿಯಲಿಲ್ಲ.

ಮಗ ತಂದುಕೊಟ್ಟ ಒಂದು ಜೊತೆ ಇದೆ. ಒಳಗೆ ದಪ್ಪನೆಯ ಮೆಮೊರಿ ಫೋಮ್ ಇರುವ ಶೂ ಅದು. ಹಾಕಿಕೊಂಡ ಕೂಡಲೇ ಬಹಳ ಸುಖವೆನಿಸುತ್ತದೆ, ಆದರೆ ಮಧ್ಯಾಹ್ನದ ತರಗತಿ ಮುಗಿಯುವಷ್ಟರಲ್ಲಿ ನೋವು ಮೊದಲಿಗಿಂತ ಹೆಚ್ಚಾಗಿರುತ್ತದೆ. ಮೆತ್ತಗಿದ್ದರೂ ಹೀಗೇಕೆ?

ಎರಡನೆಯ ತೊಡಕು ನೋಟದ್ದು. ನಾನು ನಿತ್ಯವೂ ಸೀರೆ ಉಡುವವಳು, ಹೆಚ್ಚಾಗಿ ಕಾಟನ್, ಸಮಾರಂಭಗಳಿಗೆ ಮೈಸೂರು ಸಿಲ್ಕ್. ಅಂಗಡಿಯಲ್ಲಿ ಒಂದು ಕಡೆ ಕಣ್ಣಿಗೆ ರಾಚುವ ಗಿಳಿಹಸಿರು, ಗುಲಾಬಿ ಪಟ್ಟಿಗಳ ಸ್ಪೋರ್ಟ್ಸ್ ಶೂಗಳಿದ್ದರೆ, ಇನ್ನೊಂದು ಕಡೆ ಆಸ್ಪತ್ರೆಯಿಂದ ಈಗಷ್ಟೇ ಬಿಡುಗಡೆಯಾಗಿ ಬಂದವರ ಕಾಲಲ್ಲಿ ಕಾಣುವಂಥ ಕಪ್ಪು ಪಟ್ಟಿಯ 'ಡಾಕ್ಟರ್ ಚಪ್ಪಲಿ'ಗಳಿವೆ. ಇವೆರಡರ ನಡುವಿನದು ಏನಾದರೂ ಇದೆಯೇ? ಜೊತೆಗೆ, ನಮ್ಮ ಕಂಪ್ಯೂಟರ್ ಲ್ಯಾಬಿನೊಳಗೆ ಪಾದರಕ್ಷೆ ಬಿಟ್ಟೇ ಹೋಗಬೇಕು. ದಿನಕ್ಕೆ ಹಲವು ಬಾರಿ ಬಗ್ಗಿ ಲೇಸ್ ಕಟ್ಟುವುದು ಕಷ್ಟ. ಐದಾರು ಸಾವಿರ ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಧಾರವಾಡದ ಫಿಸಿಯೋಥೆರಪಿಸ್ಟ್

ಮೇಡಂ, ನಮಸ್ಕಾರ. ಮೆತ್ತಗಿದ್ದರೂ ನೋವು ಹೆಚ್ಚುವುದೇಕೆ ಎಂಬ ನಿಮ್ಮ ಪ್ರಶ್ನೆಯಲ್ಲೇ ಈ ವಿಷಯದ ತಿರುಳಿದೆ, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ಹಿಮ್ಮಡಿಯ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಗಟ್ಟಿಯಾದ ಒಂದು ಪಟ್ಟಿ ಹಬ್ಬಿರುತ್ತದೆ. ಪಾದದ ಕಮಾನು ಕುಸಿಯದಂತೆ ಹಿಡಿದಿಡುವ ಕೆಲಸ ಅದರದ್ದು. ದೇಹದ ಭಾರ ಬಿದ್ದಾಗಲೆಲ್ಲ ಅದು ಎಳೆಯಲ್ಪಡುತ್ತದೆ. ಈ ಎಳೆತ ಅತಿಯಾದಾಗ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ರಾತ್ರಿ ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಬಾಗಿರುವುದರಿಂದ ಆ ಪಟ್ಟಿಯೂ ಮೀನಖಂಡವೂ ಬಿಗಿದುಕೊಂಡಿರುತ್ತವೆ, ಎದ್ದು ಮೊದಲ ಹೆಜ್ಜೆ ಇಟ್ಟಾಗ ಒಮ್ಮೆಲೇ ಹಿಗ್ಗಬೇಕಾಗುತ್ತದೆ. ಬೆಳಗಿನ ಚುಚ್ಚು ನೋವಿಗೆ ಇದೇ ಕಾರಣ. ಎಕ್ಸ್‌ರೇಯಲ್ಲಿ ಕಂಡ ಮೂಳೆಯ ಬೆಳವಣಿಗೆಯ ಬಗ್ಗೆ ಹೆಚ್ಚು ಚಿಂತಿಸಬೇಡಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿಯೂ ಅದು ಕಾಣಿಸುತ್ತದೆ.

ಈಗ ಶೂ ವಿಚಾರ. ಮೆಮೊರಿ ಫೋಮ್ ಭಾರ ಬಿದ್ದಲ್ಲಿ ತಗ್ಗಿ ಪಾದದ ಆಕಾರವನ್ನು ತಳೆಯುತ್ತದೆ. ಕಮಾನು ಕುಸಿಯುತ್ತಿದ್ದರೆ ಅದೂ ಅದರೊಂದಿಗೇ ಕುಸಿಯುತ್ತದೆ, ಎತ್ತಿ ಹಿಡಿಯುವುದಿಲ್ಲ. ತೀರ ಮೆತ್ತನೆಯ ಸೋಫಾದಲ್ಲಿ ಬಹಳ ಹೊತ್ತು ಕುಳಿತರೆ ಸೊಂಟ ಹಿಡಿದುಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ಆದ್ದರಿಂದ ನೀವು ಹುಡುಕಬೇಕಾದದ್ದು ಮೆತ್ತನೆಯ ಶೂ ಅಲ್ಲ, ಪಾದವನ್ನು ಹಿಡಿದಿಡುವ ಶೂ. ಅದರ ಮೇಲೆ ಸ್ವಲ್ಪ ಮೆತ್ತಗಿದ್ದರೆ ಒಳ್ಳೆಯದೇ.

ಇದನ್ನು ಅಂಗಡಿಯಲ್ಲೇ ಕೈಯಿಂದ ಪರೀಕ್ಷಿಸಬಹುದು. ಶೂವಿನ ಹಿಂಭಾಗದಲ್ಲಿ ಹಿಮ್ಮಡಿಯನ್ನು ಸುತ್ತುವರಿಯುವ ಗೋಡೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ನೋಡಿ. ಸುಲಭವಾಗಿ ಮಡಚಿಕೊಂಡರೆ ಆ ಶೂ ನಿಮಗಲ್ಲ. ಬಳಿಕ ಮುಂತುದಿಯನ್ನೂ ಹಿಮ್ಮಡಿಯನ್ನೂ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಿದರೆ ಸರಿ, ಆದರೆ ಕಮಾನಿನ ಕೆಳಗೆ ನಟ್ಟನಡುವೆಯೇ ಎರಡಾಗಿ ಮಡಚಿಕೊಳ್ಳಬಾರದು. ಕೊನೆಗೆ ಒದ್ದೆ ಬಟ್ಟೆ ಹಿಂಡುವ ರೀತಿಯಲ್ಲಿ ತಿರುಚಿ ನೋಡಿ, ಅದು ಸ್ವಲ್ಪ ಪ್ರತಿರೋಧ ತೋರಬೇಕು. ಮೆಮೊರಿ ಫೋಮ್ ಶೂಗಳಲ್ಲಿ ಹಲವು ಈ ಪರೀಕ್ಷೆಗಳಲ್ಲಿ ಸೋಲುತ್ತವೆ, ಎಲ್ಲವೂ ಅಲ್ಲ.

ಇನ್ನೊಂದು ಅಂಶವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಶೂವಿನೊಳಗೆ ಹಿಮ್ಮಡಿ ನಿಲ್ಲುವ ಜಾಗ ಮುಂಗಾಲಿಗಿಂತ 8ರಿಂದ 12 ಮಿಲಿಮೀಟರ್ ಎತ್ತರದಲ್ಲಿದ್ದರೆ ಮೀನಖಂಡದ ಸೆಳೆತ ಕಡಿಮೆಯಾಗುತ್ತದೆ. ಪೂರ್ತಿ ಚಪ್ಪಟೆಯಾದ ಬ್ಯಾಲೆ ಶೂ, ತೆಳ್ಳನೆಯ ಚಪ್ಪಲಿಗಳಲ್ಲಿ ನೋವು ಕೆರಳುವುದು ಇದಕ್ಕಾಗಿಯೇ. ಹಾಗೆಂದು ಹೈ ಹೀಲ್ಸ್ ಹಾಕಿದರೆ ಭಾರವೆಲ್ಲ ಮುಂಗಾಲಿಗೆ ಬಿದ್ದು ಬೇರೆ ತೊಂದರೆ ಹುಟ್ಟುತ್ತದೆ. ಅಗಲವಾದ ಎರಡು, ಎರಡೂವರೆ ಸೆಂಟಿಮೀಟರ್‌ನ ಹೀಲ್ ಇದ್ದರೆ ಅಡ್ಡಿಯಿಲ್ಲ.

ಆದರೆ ಎಷ್ಟೇ ಒಳ್ಳೆಯ ಶೂ ಕೊಂಡರೂ ಮನೆಯಲ್ಲಿ ಬರಿಗಾಲಿನಲ್ಲಿ ಓಡಾಡಿದರೆ ಪ್ರಯೋಜನ ಅರ್ಧಕ್ಕರ್ಧ ಕೈತಪ್ಪುತ್ತದೆ. ನನ್ನ ಬಳಿ ಬರುವ ಹೆಂಗಸರಲ್ಲಿ ಹೆಚ್ಚಿನವರು ನಡಿಗೆಗೆ ದುಬಾರಿ ಶೂ ಇಟ್ಟುಕೊಂಡಿರುತ್ತಾರೆ, ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಮಾತ್ರ ಬೆಳಿಗ್ಗೆ ಎರಡು ಗಂಟೆ ಬರಿಗಾಲಿನಲ್ಲಿ ನಿಂತಿರುತ್ತಾರೆ. ಮನೆಯೊಳಗೆ ಚಪ್ಪಲಿಯೇ ಎಂದು ಹಿರಿಯರು ಮುಖ ಸಿಂಡರಿಸಬಹುದು. ಹೊರಗೆ ಎಂದೂ ಮೆಟ್ಟದ ಒಂದು ಜೊತೆಯನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು, ಎದ್ದ ಕೂಡಲೇ ಹಾಕಿಕೊಳ್ಳಿ. ದೇವರ ಮನೆಗೆ ಹೋಗುವಾಗ ಬಿಟ್ಟರಾಯಿತು.

ಶೂ ಒಂದರಿಂದಲೇ ಇದು ಗುಣವಾಗುವುದಿಲ್ಲ. ಗೋಡೆಗೆ ಎರಡೂ ಕೈ ಊರಿ, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಅರ್ಧ ನಿಮಿಷ ಹಿಗ್ಗಿಸುವ ವ್ಯಾಯಾಮವನ್ನು ದಿನಕ್ಕೆ ಹಲವು ಸಲ ಮಾಡಿ. ಹಾಸಿಗೆಯಿಂದ ಇಳಿಯುವ ಮೊದಲು ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ನಿಮ್ಮತ್ತ ಎಳೆದುಕೊಳ್ಳಿ. ಬಹುಪಾಲು ಜನರಲ್ಲಿ ಈ ನೋವು ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಶಮನವಾಗುತ್ತದೆ. ಅಂಗಾಲು ಜೋಮು ಹಿಡಿದರೆ, ಊದಿಕೊಂಡರೆ, ಅಥವಾ ಮಲಗಿದಾಗಲೂ ನೋವು ಬಿಡದಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಮತ್ತೆ ಕಾಣಿ.

ನೀವು 'ಡಾಕ್ಟರ್ ಚಪ್ಪಲಿ' ಎಂದದ್ದರ ಬಗ್ಗೆ ಒಂದು ಮಾತು. ಎಂಸಿಆರ್ ಎಂಬ ಸಣ್ಣ ಗಾಳಿಗುಳ್ಳೆಗಳ ರಬ್ಬರಿನ ಆ ಚಪ್ಪಲಿ ಕುಷ್ಠರೋಗ ಮತ್ತು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಹುಣ್ಣಾಗದಂತೆ ತಡೆಯಲು ಬಳಕೆಗೆ ಬಂದದ್ದು. ಮನೆಯೊಳಗೆ ಹಾಕಿಕೊಳ್ಳಲು ಬಹಳ ಚೆನ್ನಾಗಿರುತ್ತದೆ. ಕಾಲೇಜಿಗೆ ಅದನ್ನೇ ಹಾಕಿಕೊಂಡು ಹೋಗಬೇಕಾದ ಅಗತ್ಯ ನಿಮಗಿಲ್ಲ.

ಉತ್ತರ 2: ಬೆಂಗಳೂರಿನ ಪಾದರಕ್ಷೆ ವ್ಯಾಪಾರಿ

ಮೇಲೆ ಡಾಕ್ಟರು ಹೇಳಿದ್ದು ಸರಿಯಾಗಿದೆ. ನಾನು ಜಯನಗರದಲ್ಲಿ ಬಹುಕಾಲದಿಂದ ಈ ವ್ಯಾಪಾರದಲ್ಲಿರುವವನು, ಅಳತೆಯ ಬಗ್ಗೆ ಹೇಳುವುದಿದೆ. ಏಕೆಂದರೆ 'ಸಪೋರ್ಟ್ ಇಲ್ಲ' ಎಂದು ಶೂ ಹಿಂದಿರುಗಿಸಲು ಬರುವವರಲ್ಲಿ ಅನೇಕರು ತಮ್ಮ ಪಾದದ ಅಗಲಕ್ಕೆ ಸಾಲದ ಶೂ ಹಾಕಿರುತ್ತಾರೆ.

ನಮ್ಮಲ್ಲಿ ಬಳಕೆಯಲ್ಲಿರುವ ಯುಕೆ ಅಳತೆಯಲ್ಲಿ ಒಂದು ನಂಬರಿನಿಂದ ಮುಂದಿನ ನಂಬರಿಗೆ ಉದ್ದ ಸುಮಾರು 8.5 ಮಿಲಿಮೀಟರ್ ಹೆಚ್ಚುತ್ತದೆ. ಆ ನಂಬರ್ ಹೇಳುವುದು ಉದ್ದವನ್ನು, ಅಗಲವನ್ನಲ್ಲ. ನಮ್ಮವರ ಪಾದದ ಮುಂಭಾಗ ಅಗಲ. ಚಿಕ್ಕಂದಿನಿಂದ ಬರಿಗಾಲು, ತೆರೆದ ಚಪ್ಪಲಿಗಳಲ್ಲಿ ಬೆಳೆದ ಪಾದಕ್ಕೆ ಬೆರಳುಗಳು ಹರಡಿಕೊಳ್ಳುವ ಅಭ್ಯಾಸವಿರುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪಿನವರಿಗಿಂತ ಅಗಲ ಎಂಬುದನ್ನು ಗುರುತಿಸಿತು. ಅದರ ಆಧಾರದ ಮೇಲೆಯೇ 'ಭಾ' ಎಂಬ ಭಾರತೀಯ ಅಳತೆಯ ಪದ್ಧತಿಯನ್ನು ಪ್ರಸ್ತಾಪಿಸಿದ್ದಾರೆ. ಸದ್ಯಕ್ಕೆ ನನ್ನ ಕಪಾಟುಗಳಲ್ಲಿ ಇರುವುದೆಲ್ಲ ಹಳೆಯ ನಂಬರುಗಳೇ. ಅಗಲ ಸಾಲದೆ ಕಿರುಬೆರಳು ಒತ್ತಿದಾಗ ಗಿರಾಕಿ ಒಂದು ನಂಬರ್ ದೊಡ್ಡದನ್ನು ಕೇಳುತ್ತಾರೆ. ಆಗ ಬೆರಳಿಗೆ ಜಾಗ ಸಿಗುತ್ತದೆ, ಆದರೆ ಹಿಮ್ಮಡಿ ಸಡಿಲವಾಗಿ ಮೇಲೆ ಕೆಳಗೆ ಜಾರುತ್ತದೆ, ಶೂವಿನ ಕಮಾನು ಪಾದದ ಕಮಾನಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಅಲ್ಲಿಗೆ ಸಪೋರ್ಟ್ ಮುಗಿಯಿತು.

ಹೀಗೆ ಮಾಡಿ. ಸಂಜೆ ಅಂಗಡಿಗೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಶೂವಿನ ಒಳಗಿನ ಇನ್‌ಸೋಲನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತುಕೊಳ್ಳಿ. ಪಾದದ ಅಂಚು ಇನ್‌ಸೋಲಿನಿಂದ ಹೊರಚಾಚಿದರೆ ಆ ಅಚ್ಚು ನಿಮ್ಮದಲ್ಲ, ಅದನ್ನು ಹಾಕಿ ನೋಡುವ ಶ್ರಮವನ್ನೂ ತೆಗೆದುಕೊಳ್ಳಬೇಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿಯಲಿ. ಎರಡೂ ಪಾದಗಳು ಸಮವಾಗಿರುವುದು ಅಪರೂಪ, ದೊಡ್ಡ ಪಾದಕ್ಕೆ ಹೊಂದುವ ನಂಬರನ್ನೇ ಕೊಳ್ಳಿ.

ನ್ಯೂ ಬ್ಯಾಲೆನ್ಸ್‌ನಂಥ ಕೆಲವು ಕಂಪನಿಗಳು ಒಂದೇ ಮಾದರಿಯನ್ನು ಹಲವು ಅಗಲಗಳಲ್ಲಿ ತಯಾರಿಸುತ್ತವೆ. ಹೆಂಗಸರ ಶೂಗಳಲ್ಲಿ ಬಿ ಎಂದರೆ ಸಾಧಾರಣ, ಡಿ ಎಂದರೆ ಅಗಲ. ಗಂಡಸರಲ್ಲಿ ಡಿ ಸಾಧಾರಣ, 2ಇ ಅಗಲ. ಹೆಂಗಸರ ಅಗಲದ ಜೊತೆಗಳು ನಮ್ಮ ಅಂಗಡಿಗಳಿಗೆ ಕಡಿಮೆ ಬರುತ್ತವೆ, ಆದ್ದರಿಂದ ನಾನು ಒಂದು ಉಪಾಯ ಹೇಳುವುದುಂಟು. ನಿಮ್ಮ ನಂಬರ್ ಆರು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಗಂಡಸರ ವಿಭಾಗದಲ್ಲಿ ನೋಡಿ. ಅಗಲವೂ ಸಿಗುತ್ತದೆ, ಬೂದು, ಕಂದು, ನೇವಿ ನೀಲಿಯಂಥ ಗಂಭೀರ ಬಣ್ಣಗಳೂ ಸಿಗುತ್ತವೆ. ಗುಲಾಬಿ ಪಟ್ಟಿ ಬೇಡವೆನ್ನುವ ಹೆಂಗಸರು ಇದ್ದಾರೆಂಬುದು ಕಂಪನಿಗಳಿಗೆ ಇನ್ನೂ ಪೂರ್ತಿ ಮನದಟ್ಟಾದಂತಿಲ್ಲ.

ಲ್ಯಾಬಿನ ಮುಂದೆ ಬಿಚ್ಚಿ ಹಾಕುವ ತೊಂದರೆಗೆ ಹಲವು ದಾರಿಗಳಿವೆ. ಸ್ಕೆಚರ್ಸ್‌ನವರ ಸ್ಲಿಪ್-ಇನ್ ಮಾದರಿಗಳಲ್ಲಿ ಹಿಮ್ಮಡಿಯ ಗೋಡೆ ಗಟ್ಟಿಯಾಗಿಯೇ ಇದ್ದು, ಕೈ ತಾಗಿಸದೆ ಕಾಲು ತೂರಿಸಬಹುದು. ಬೇರೆ ಕಂಪನಿಗಳೂ ಈ ಬಗೆಯವನ್ನು ತಂದಿವೆ. ಕೊಳ್ಳುವ ಮುನ್ನ ಮೇಲೆ ಹೇಳಿದ ಪರೀಕ್ಷೆಗಳನ್ನು ಇವುಗಳಿಗೂ ಮಾಡಿ. ಲೇಸ್ ಇರುವ ಶೂವೇ ಚೆನ್ನಾಗಿ ಹೊಂದಿದರೆ ಎಲಾಸ್ಟಿಕ್ ಲೇಸ್ ಹಾಕಿಸಿಕೊಳ್ಳಿ, ಅಥವಾ ಪಕ್ಕದಲ್ಲಿ ಜಿಪ್ ಇರುವುದನ್ನು ಹುಡುಕಿ. ಸಾಮಾನ್ಯ ಶೂವಿನ ಹಿಂಭಾಗವನ್ನು ತುಳಿದು ಚಪ್ಪಲಿಯಾಗಿಸಿಕೊಂಡು ನಡೆಯುವುದನ್ನು ಮಾತ್ರ ಮಾಡಬೇಡಿ, ಆ ಗೋಡೆ ಒಮ್ಮೆ ಮುರಿದರೆ ಮತ್ತೆ ನೆಟ್ಟಗಾಗುವುದಿಲ್ಲ.

ಬೆಲೆಯ ಬಗ್ಗೆ: 2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡಾ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇಕಡಾ 18. ಐದಾರು ಸಾವಿರಕ್ಕೆ ನಿಮಗೆ ಬೇಕಾದದ್ದು ಖಂಡಿತ ಸಿಗುತ್ತದೆ.

ಉತ್ತರ 3: ಮಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ

ಉಪನ್ಯಾಸಕಿಯವರೇ, ನಾನೂ ಸೇವೆಯುದ್ದಕ್ಕೂ ಸೀರೆ ಉಟ್ಟವಳು. ಇಷ್ಟು ಹೊತ್ತು ಪಾದದ ಮಾತಾಯಿತು, ನೀವು ಕೇಳಿದ ನೋಟದ ಬಗ್ಗೆ ನಾನು ಹೇಳುತ್ತೇನೆ.

ಸೀರೆಯ ಕೆಳಗೆ ಶೂ ಅಸಹ್ಯವಾಗಿ ಕಾಣುವುದಕ್ಕೆ ಶೂ ಎಂಬುದೇ ಕಾರಣವೆಂದು ನಾವು ತಿಳಿದಿರುತ್ತೇವೆ. ನನ್ನ ಅಭಿಪ್ರಾಯದಲ್ಲಿ ಕಾರಣ ಬಿಳಿಯ ಅಟ್ಟೆ. ಮೇಲ್ಭಾಗ ಕಪ್ಪು, ಕೆಳಗೆ ದಪ್ಪನೆಯ ಬಿಳಿ ಅಟ್ಟೆ ಇದ್ದರೆ ನೆರಿಗೆ ಅಲುಗಿದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಮೇಲಿನದೂ ಅಟ್ಟೆಯೂ ಒಂದೇ ಬಣ್ಣದ್ದಾದರೆ ಅದೇ ಆಕಾರದ ಶೂ ಅರ್ಧದಷ್ಟು ತೆಳ್ಳಗೆ ಕಾಣುತ್ತದೆ. ಬಣ್ಣವನ್ನು ಸೀರೆಗೆ ಹೊಂದಿಸಲು ಹೋಗಬೇಡಿ, ಸೀರೆಗಳು ನೂರು ಬಣ್ಣದವು. ಚರ್ಮದ ಕಂದು, ಕಾಫಿಪುಡಿಯ ಬಣ್ಣ, ಬೂದು, ಕಡುಗೆಂಪು, ಇವುಗಳಲ್ಲಿ ಒಂದಿದ್ದರೆ ಕಾಟನ್ ಸೀರೆಗಳಲ್ಲಿ ಬಹುತೇಕ ಎಲ್ಲದಕ್ಕೂ ಸರಿಹೋಗುತ್ತದೆ. ಕೈಚೀಲವೂ ಅದೇ ಬಣ್ಣದ ಸುಮಾರಿಗಿದ್ದರೆ ಬೇಕೆಂದೇ ಹಾಕಿಕೊಂಡಂತೆ ಕಾಣುತ್ತದೆ, ಅನಿವಾರ್ಯಕ್ಕೆ ಹಾಕಿಕೊಂಡಂತೆ ಕಾಣುವುದಿಲ್ಲ. ಮೇಲ್ಭಾಗ ಜಾಲರಿ ಬಟ್ಟೆಯದ್ದಾಗಿರುವುದಕ್ಕಿಂತ ನುಣುಪಾದ ಚರ್ಮದ್ದೋ ಸ್ವೀಡ್‌ನದ್ದೋ ಆಗಿದ್ದರೆ ಆಟದ ಮೈದಾನದ ಕಳೆ ಹೋಗುತ್ತದೆ. ಪಾದದ ಮೇಲೆ ಅಡ್ಡಪಟ್ಟಿ ಬರುವ ಮೇರಿ ಜೇನ್ ಮಾದರಿಯೂ ಇದೆ. ಹಶ್ ಪಪ್ಪೀಸ್, ಕ್ಲಾರ್ಕ್ಸ್‌ನಂಥ ಅಂಗಡಿಗಳಲ್ಲಿ ಈ ತರಹದವನ್ನು ನೋಡಬಹುದು. ಪಟ್ಟಿಗೆ ವೆಲ್‌ಕ್ರೋ ಇದ್ದರೆ ನಿಮ್ಮ ಲ್ಯಾಬಿನ ಸಮಸ್ಯೆಯೂ ನೀಗುತ್ತದೆ, ಹಿಡಿತವೂ ಸಿಗುತ್ತದೆ.

ಸೀರೆಯ ಉದ್ದವನ್ನು ಮರೆಯಬೇಡಿ. ಚಪ್ಪಟೆ ಚಪ್ಪಲಿಯಿಂದ ಮೂರು ಸೆಂಟಿಮೀಟರ್ ಅಟ್ಟೆಯ ಶೂಗೆ ಬಂದರೆ ಸೀರೆ ಅಷ್ಟೇ ಮೇಲೇರಿ, ಶೂ ಪೂರ್ತಿ ಕಾಣಿಸುತ್ತದೆ. ಶೂ ಹಾಕಿಕೊಂಡ ಮೇಲೆ ಸೀರೆ ಉಡಿ, ಫಾಲ್‌ನ ಅಂಚು ಶೂವಿನ ಮೇಲ್ಭಾಗವನ್ನು ಸವರುವಷ್ಟು ಇಳಿದಿರಲಿ, ಹಿಮ್ಮಡಿಯ ಹತ್ತಿರ ಮಾತ್ರ ನೆಲದಿಂದ ಒಂದು ಬೆರಳು ಮೇಲಿರಲಿ. ಇಲ್ಲವಾದರೆ ಮೆಟ್ಟಿಲು ಇಳಿಯುವಾಗ ತೊಡರುತ್ತದೆ.

ಕರಾವಳಿಯವಳಾಗಿ ಇನ್ನೊಂದು ಎಚ್ಚರಿಕೆ. ಸಮಾರಂಭಕ್ಕೆಂದು ಒಳ್ಳೆಯ ಜೊತೆಯೊಂದನ್ನು ಡಬ್ಬಿಯಲ್ಲಿ ಕಾಪಾಡಿ ಇಡುವುದು ನಮ್ಮ ರೂಢಿ. ಪಾಲಿಯುರಿಥೇನ್ ಅಟ್ಟೆ ಗಾಳಿಯ ತೇವಾಂಶವನ್ನು ಹೀರಿ ಕೆಲವು ವರ್ಷಗಳಲ್ಲಿ ಒಳಗಿಂದೊಳಗೇ ಶಿಥಿಲವಾಗುತ್ತದೆ, ಬಳಸದೆ ಇಟ್ಟರೂ ಅದು ತಪ್ಪುವುದಿಲ್ಲ. ನಮ್ಮ ಸಂಬಂಧಿಕರೊಬ್ಬರ ಮಗಳ ಮದುವೆಯಲ್ಲಿ, ಕಲ್ಯಾಣಮಂಟಪದ ಮೆಟ್ಟಿಲು ಹತ್ತುತ್ತಿದ್ದ ಅತ್ತಿಗೆಯ ಅಷ್ಟೇನೂ ಹಾಕದ ಸ್ಯಾಂಡಲ್‌ನ ಅಟ್ಟೆ ಮೆಟ್ಟಿಲಿಗೊಂದು ತುಂಡಿನಂತೆ ಉದುರುತ್ತಾ ಹೋಯಿತು, ಹಿಂದೆ ಬರುತ್ತಿದ್ದ ಮಕ್ಕಳು ಅದನ್ನು ಹೆಕ್ಕಿ ತಂದುಕೊಟ್ಟರು. ಇವಿಎ ಎಂಬ ಫೋಮಿನ ಅಟ್ಟೆ ಹೀಗೆ ಪುಡಿಯಾಗುವುದಿಲ್ಲ, ಹಗುರವೂ ಹೌದು, ಆದರೆ ತುಳಿದು ತುಳಿದು ಬೇಗ ಚಪ್ಪಟೆಯಾಗುತ್ತದೆ. ಯಾವುದೇ ಆಗಲಿ, ಕೊಂಡ ಮೇಲೆ ಹಾಕಿಕೊಂಡು ಸವೆಸಿ.

ಉತ್ತರ 4: ಬೆಳಗಾವಿಯಿಂದ ಒಬ್ಬ ಓದುಗ

ಮೈಸೂರು ಸಿಲ್ಕ್‌ಗೆ ಶೂ ಏಕೆ? ನಮ್ಮ ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಚರ್ಮದ ಚಪ್ಪಲಿಗಳಿಗಿಂತ ಚಂದದ್ದು ಏನಿದೆ? ಕೊಲ್ಹಾಪುರಿ ಎಂಬ ಹೆಸರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ ಎಂಬುದು ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಆದರೆ ಹಿಮ್ಮಡಿ ನೋವಿದ್ದವರು ಹಾಕಬಹುದೋ ಇಲ್ಲವೋ ಎಂಬುದನ್ನು ಧಾರವಾಡದ ಡಾಕ್ಟರರೇ ಹೇಳಬೇಕು.

ಉತ್ತರ 5: ಧಾರವಾಡದ ಫಿಸಿಯೋಥೆರಪಿಸ್ಟ್

ನನಗೂ ಆ ಚಪ್ಪಲಿಗಳ ಮೇಲೆ ಪ್ರೀತಿ ಇದೆ ಸರ್. ಆದರೆ ಅವು ಪೂರ್ತಿ ಚಪ್ಪಟೆ, ಅಟ್ಟೆ ಗಟ್ಟಿ, ಹಿಮ್ಮಡಿಗೆ ಹಿಂದಿನಿಂದ ಆಸರೆಯಿಲ್ಲ. ಜಾರದಂತೆ ಬೆರಳುಗಳಿಂದ ಹಿಡಿದುಕೊಂಡೇ ನಡೆಯಬೇಕಾಗುವುದರಿಂದ ಅಂಗಾಲಿಗೆ ವಿರಾಮವೂ ಸಿಗುವುದಿಲ್ಲ. ಆರತಕ್ಷತೆಯಲ್ಲಿ ಒಂದೆರಡು ಗಂಟೆ, ನಡುನಡುವೆ ಕುಳಿತುಕೊಳ್ಳುವ ಅನುಕೂಲವಿದ್ದರೆ ಹಾಕಿಕೊಳ್ಳಲಿ. ನೋವು ಪೂರ್ತಿ ತಗ್ಗುವವರೆಗೆ ದಿನನಿತ್ಯಕ್ಕೆ ಬೇಡ. ಚರ್ಮದ ಪದರಗಳ ನಡುವೆ ಫೋಮ್ ಇಟ್ಟು, ಹಿಂದೆ ಪಟ್ಟಿ ಸೇರಿಸಿ ಹೊಲಿದುಕೊಡುವವರು ಸಿಕ್ಕರೆ ಅದನ್ನು ಆರಿಸಿಕೊಳ್ಳುವುದು ಮೇಲು.

ಮರುಪ್ರಶ್ನೆ: ಮೈಸೂರಿನ ಉಪನ್ಯಾಸಕಿ

ಎಲ್ಲರಿಗೂ ಬಹಳ ಧನ್ಯವಾದಗಳು. ನಿನ್ನೆ ಸಂಜೆ ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಇನ್‌ಸೋಲ್ ತೆಗೆದು ಅದರ ಮೇಲೆ ನಿಂತು ನೋಡಿದೆ. ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದನಾದರೂ, ನಾನು ಇಷ್ಟಪಟ್ಟ ಎರಡು ಜೊತೆಗಳಲ್ಲಿ ಕಿರುಬೆರಳು ಪೂರ್ತಿ ಹೊರಗಿತ್ತು. ಗಂಡಸರ ವಿಭಾಗದಲ್ಲಿ ಆರನೇ ನಂಬರಿನ ಕಂದು ಚರ್ಮದ ವಾಕಿಂಗ್ ಶೂ ಒಂದು ಹೊಂದಿದೆ. ಅಟ್ಟೆಯೂ ಕಂದು, ಹಿಮ್ಮಡಿ ಗಟ್ಟಿ, ಬೆರಳಿನ ಬುಡದಲ್ಲಿ ಮಾತ್ರ ಬಾಗುತ್ತದೆ. ಬೆಲೆ ನನ್ನ ಮಿತಿಯೊಳಗೇ ಇದೆ. ಆದರೆ ಒಳಗಿನ ಕಮಾನು ತೀರ ಕಡಿಮೆ ಎನಿಸುತ್ತದೆ. ಅದಕ್ಕೆ ಬೇರೆ ಇನ್‌ಸೋಲ್ ಕೊಂಡು ಹಾಕಬಹುದೇ? ಹಾಕಿದರೆ ಬಿಗಿಯಾಗುವುದಿಲ್ಲವೇ? ಪಾದದ ಅಚ್ಚು ತೆಗೆದು ಮಾಡಿಸುವ ಇನ್‌ಸೋಲ್ ಬೇಕಾಗುತ್ತದೆಯೇ?

ಉತ್ತರ 6: ಬೆಂಗಳೂರಿನ ಪಾದರಕ್ಷೆ ವ್ಯಾಪಾರಿ

ಮೇಡಂ, ಶೂ ಜೊತೆ ಬಂದ ಇನ್‌ಸೋಲನ್ನು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕು. ಒಂದರ ಮೇಲೊಂದು ಇಟ್ಟರೆ ಪಾದ ಮೇಲೇರಿ ಹಿಮ್ಮಡಿ ಗೋಡೆಯಿಂದ ಹೊರಜಾರುತ್ತದೆ. ಅಚ್ಚು ತೆಗೆದು ಮಾಡಿಸುವುದು ದುಬಾರಿ, ಮೊದಲು ಸಿದ್ಧ ಇನ್‌ಸೋಲನ್ನೇ ಪ್ರಯತ್ನಿಸಿ. ಕಮಾನಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಪೂರ್ತಿ ಕುಸಿಯದಂಥದ್ದನ್ನು ಆರಿಸಿ. ಜೆಲ್ ತುಂಬಿದ್ದು ಬೇಡ. ಉದ್ದ ಹೆಚ್ಚಾದರೆ ಹಳೆಯ ಇನ್‌ಸೋಲನ್ನು ಮೇಲಿಟ್ಟು ಬೆರಳಿನ ಕಡೆಯಿಂದ ಮಾತ್ರ ಕತ್ತರಿಸಿ, ಹಿಮ್ಮಡಿಯ ಕಡೆಯಿಂದ ಅಲ್ಲ. ಮೊದಲ ದಿನಗಳಲ್ಲಿ ಕಮಾನಿನ ಕೆಳಗೆ ಏನೋ ಒತ್ತಿದಂತಾಗುವುದು ಸಹಜ, ಆಗ ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ ಹೆಚ್ಚಿಸುತ್ತಾ ಹೋಗಿ.

ಶೂ ಕೊಳ್ಳುವಾಗ ಬದಲಾಯಿಸಿಕೊಡುವ ಅವಧಿ ಎಷ್ಟೆಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ಅವಧಿಯಲ್ಲಿ ಮನೆಯೊಳಗೆ, ಒರೆಸಿದ ನೆಲದ ಮೇಲೆ ಮಾತ್ರ ಹಾಕಿಕೊಂಡು ಅಡುಗೆ ಮಾಡಿ, ಓಡಾಡಿ. ಅಟ್ಟೆಗೆ ಮಣ್ಣು ತಾಗದಿದ್ದರೆ ಬದಲಾಯಿಸಿಕೊಡಲು ಯಾರೂ ತಕರಾರು ಮಾಡುವುದಿಲ್ಲ. ಕೆರೆಯ ದಾರಿಗೆ ಆಮೇಲೆ ಇಳಿದರಾಯಿತು.